ಮಗ್ಗುಲಾದ ಕಡಲು

ಮಗ್ಗದ ಮೇಲೆ ಕಡಲನ್ನು ಮಗ್ಗುಲಾಗಿಸಿ ನೇಯಬೇಕು,
ಹೇಳಿಕೊಟ್ಟದ್ದು ಕಣ್ಣೂರಿನ ಚಾತ್ತು ಮೇಸ್ತ್ರಿ.
ಬಿಗಿದ ಹಾಸಿನ ನಡುವೆ
ಅಲೆ ಎದ್ದು ನಿಲ್ಲುತ್ತದೆ, ಗುಡ್ಡ ಮಲಗುತ್ತದೆ,
ಆಕಾಶ ಬಲಗೈಗೆ, ನೀರು ಎಡಗೈಗೆ.
ಕತ್ತು ಓರೆ ಮಾಡಿದವರಿಗಷ್ಟೇ ಲೋಕ ನೆಟ್ಟಗೆ.

ಮಹದೇವಪೇಟೆ, ಮೊಳೆ ಬೀಗದಂಗಡಿಯ ಮಾಳಿಗೆ.
ಬಾಡಿಗೆ ಎರಡೂವರೆ ಸಾವಿರ, ಕಿಟಕಿಗೆ ಪ್ಲಾಸ್ಟಿಕ್ಕು.
ಬೈಲುಕುಪ್ಪೆಯಲ್ಲಿ ರತ್ನಗಂಬಳಿ ನೇಯ್ದು ಉಳಿದ ಉಣ್ಣೆ
ಕಿಲೋ ಲೆಕ್ಕದಲ್ಲಿ ತರುತ್ತೇನೆ,
ಬಸ್ಸಿನಲ್ಲಿ ಮಡಿಲ ಮೇಲಿಟ್ಟು, ಕುರಿಮರಿಯ ಹಾಗೆ.

ಹೋಟೆಲಿನವರಿಗೆ ಒಂಬತ್ತಡಿ ಕಡಲು ಬೇಕಂತೆ.
“ಬೆಟ್ಟ ಹೇಗೂ ಕಿಟಕಿಯಲ್ಲಿದೆ, ಬೊಳ್ಳಮ್ಮ,
ಗೋಡೆಗೆ ನೀಲಿ ಇರಲಿ, ಉಂಡವರಿಗೆ ತಂಪು.”
ಮುಂಗಡ ಕೊಟ್ಟು ಹೋದರು.

ನಾನು ಕಡಲು ಕಂಡದ್ದು ಒಂದೇ ಸಲ,
ಜೋಡುಪಾಲದ ಗುಡ್ಡ ಬಾಯಿಬಿಟ್ಟ ಹತ್ತನೇ ದಿನ,
ಕಾಸರಗೋಡಿನ ಅಕ್ಕನ ಮನೆಯಿಂದ ನಡೆದುಹೋಗಿ.
ನಮ್ಮ ಪಯಸ್ವಿನಿ ಅಲ್ಲಿ ಮದುವೆಯಾದವಳಂತೆ
ಹೆಸರು ಬದಲಿಸಿಕೊಂಡಿದ್ದಳು.
ಅಳಿವೆಯಲ್ಲಿ ನೀಲಿ ಎಂಬುದೇ ಇರಲಿಲ್ಲ.
ನೆಲ ಸಾರಿಸುತ್ತಿದ್ದ ನಮ್ಮದೇ ಕೆಮ್ಮಣ್ಣು
ಮೈಲುಗಟ್ಟಲೆ ಒಳಗೆ ಹೋಗಿತ್ತು.
“ಬಲೆಗೆಲ್ಲ ಮಣ್ಣು,” ಬೈಯುತ್ತಿದ್ದಳು ಮೀನಿನ ಮುದುಕಿ.
ತಪ್ಪು ನನ್ನದೆಂಬಂತೆ ಚಪ್ಪಲಿ ಕೈಲಿ ಹಿಡಿದು ನಿಂತಿದ್ದೆ.
ನಲವತ್ತು ಬಟ್ಟಿ ಗದ್ದೆ, ಹಟ್ಟಿ, ಹನ್ನೊಂದು ಕಿತ್ತಳೆ ಗಿಡ.
ಸರ್ವೆ ನಂಬರು ಮಾತ್ರ ಮಡಿಕೇರಿಯ ಕಚೇರಿಯಲ್ಲಿ
ಒಣಗಿದ ಕಡತದಲ್ಲಿ ಕ್ಷೇಮವಾಗಿದೆ.

ಹಾಗಾಗಿ ಮೊದಲು ನೇಯ್ದದ್ದು ಮಣ್ಣು.
ಹೊಕ್ಕು ತೂರಿಸಿ, ಬಾಚಣಿಗೆಯಿಂದ ಬಡಿದು,
ಮತ್ತೆ ತೂರಿಸಿ, ಬಡಿದು,
ದಿನಕ್ಕೆ ನಾಲ್ಕು ಬೆರಳು ಗದ್ದೆ.

ಆಟಿ ಹದಿನೆಂಟಕ್ಕೆ ಮದ್ದುಸೊಪ್ಪು ಕುದಿಸಿದೆ.
ಪಾಯಸಕ್ಕೆ ಬೇಕಾದಷ್ಟು ಎತ್ತಿಟ್ಟು
ಉಳಿದ ನೀರಿಗೆ ಉಣ್ಣೆ ಅದ್ದಿದೆ.
ನೇರಳೆಗಪ್ಪು ಬಂತು, ಆಳದ ಬಣ್ಣ.
ಫೋನಿನಲ್ಲಿ ಮೇಸ್ತ್ರಿ ನಕ್ಕರು:
“ಮರುದಿನದ ಉಚ್ಚೆಗೂ ಅದೇ ಬಣ್ಣವಲ್ಲವೇನೇ?
ನಂಬಬೇಡ, ಬಿಸಿಲಿಗೆ ಹಾರುತ್ತದೆ.”
ಆ ಹೋಟೆಲಿಗೆ ಬಿಸಿಲೇ ಬರುವುದಿಲ್ಲ ಎಂದೆ.

ಈಗ ದಿಗಂತ ಉಳಿದಿದೆ.
ಎರಡು ಬಣ್ಣ ಒಂದೇ ಗಡಿಗೆ ಬಂದು
ಮುಟ್ಟದೆ ತಿರುಗಿ ಹೋದರೆ ಅಲ್ಲೊಂದು ಸೀಳು;
ನೀರಿನ ನೂಲು ನೀರಿಗೆ, ಬಾನಿನ ನೂಲು ಬಾನಿಗೆ,
ನಡುವೆ ಒಂಬತ್ತಡಿ ಬಿರುಕು.
ಕೊನೆಗೆ ಸೂಜಿ ಹಿಡಿದು ಹೊಲಿಯಬೇಕು.
ಗುಡ್ಡ ಜರಿಯುವ ಮುಂಚಿನ ಸಂಜೆ
ಅಂಗಳದಲ್ಲಿ ಇಷ್ಟೇ ಇತ್ತು, ಬೆರಳು ಹೋಗುವಷ್ಟು.
ಅಪ್ಪ ಸೆಗಣಿ ಮೆತ್ತಿ, ಕೈ ತೊಳೆದು, ಊಟಕ್ಕೆ ಕೂತಿದ್ದರು.

ಹೊಲಿದಿದ್ದೇನೆ. ಒಂದು ಗೇಣು ಬಿಟ್ಟಿದ್ದೇನೆ.
ನೀಲಿಯನ್ನೂ ಹಾಕಿದ್ದೇನೆ, ಮುಂಗಡದಷ್ಟು.

ನೇಯ್ದದ್ದೆಲ್ಲ ಕೆಳಗಿನ ದಿಂಡಿಗೆ ಸುತ್ತಿಕೊಂಡಿದೆ,
ಗದ್ದೆಯ ಮುಖ ನೋಡಿ ಮೂರು ತಿಂಗಳಾಯಿತು.
ಭಾನುವಾರ ಇಳಿಸುತ್ತೇನೆ. ಹಿಡಿದು ಬಿಚ್ಚಲು
ಅಪ್ಪನಿಗೆ ಬರಹೇಳಿದ್ದೇನೆ, ಪುನರ್ವಸತಿ ಕಾಲನಿಯಿಂದ.
ಕಡಲು ಎಂದರೆ ಅವರು ನಂಬುವವರಲ್ಲ.
ಕನ್ನಡಕ ಒರೆಸಿ, ಕತ್ತು ಓರೆ ಮಾಡಿ,
ಆ ಕೆಂಪು ಪಟ್ಟೆಯ ಮೇಲೆ ಅಂಗೈ ಇಟ್ಟು
ಕೇಳಿಯೇ ಕೇಳುತ್ತಾರೆ:
“ಇದಕ್ಕೆ ತೂಬು ಎಲ್ಲಿಟ್ಟೆ?”