ಪೀಂ

ಹೆಂಡತಿ ತಮ್ಮನ ಟಂಟಂ ತಗೊಂಡು
ಆಳಂದ ನಾಕಾ ದಾಟಲಕತ್ತಿದ್ದೆ.
ಹಿಂದ ಎರಡು ಚೀಲ ತೊಗರಿ ಹೊಟ್ಟು.
ಕಾಲಾಗಿನ ಡಾಂಬರು ಮೆತ್ತಗಾಗೋ ಹೊತ್ತು.
ರಸ್ತೆ ಅಂಚಿಗಿ ಒಬ್ಬಾಕಿ ಮುದುಕಿ,
ತಲಿ ಮ್ಯಾಲ ಸೆರಗು, ಕೈಯಾಗ ದವಾಖಾನಿ ಚೀಟಿ.
ಬ್ರೇಕು ನಾ ಹಾಕ್ಲಿಲ್ಲ,
ಕಾಲು ತಾನೇ ಹಾಕ್ತು.

ಹಿಂದಿನವರೆಲ್ಲಾ ಒಮ್ಮೆಲೇ ಬೈಲಕತ್ತರು,
ಬಾಯಿಲೆ ಅಲ್ಲ, ಹಾರ್ನಿಲೆ.
ಎರಡು ವರ್ಷಾಗಿತ್ತು ಈ ಭಾಷಾ ಕೇಳಿ.

ಆ ದೇಶದ ಹೆಸರು ಹೇಳಿದ್ರ ಓಣ್ಯಾಗ ಕೇಳ್ತಾರ:
ದುಬೈ ಬಾಜೂಕ ಬರ್ತದೇನು?
ಹೂಂ ಅಂತೀನಿ. ಸ್ಲೊವಾಕಿಯಾ ಎಲ್ಲದಂತ
ನನಗೂ ವಿಮಾನ ಇಳಿದ ಮ್ಯಾಲೇ ಗೊತ್ತಾಗಿದ್ದು.
ಸ್ಟೇರಿಂಗು ಎಡಕ್ಕ, ಬಾಗಿಲು ಬಲಕ್ಕ.
ಮೊದಲ ದಿನ ಮುಂದೊಬ್ಬ ಅಜ್ಜ ಸೈಕಲ್ ಮ್ಯಾಲ.
ನಮ್ಮ ಪದ್ಧತಿ ಪ್ರಕಾರ ಸಣ್ಣಗ ಪೀಂ ಅಂದೆ:
ಯಜ್ಜಾ, ನಾ ಬರ್ಲಕತ್ತೀನಿ, ಹುಷಾರು.
ಅವ ಇಳಿದು, ಸೈಕಲ್ ನಿಂದರಿಸಿ, ಹೊಳ್ಳಿ ನೋಡ್ದ,
ಮಾರೀಗಿ ಉಗುಳಿಸಿಕೊಂಡವರಂಗ.
ಸಂಜಿಗಿ ಡಿಪೋಕ ಕಾಗದ ಬಂತು.
ಮ್ಯಾನೇಜರು ಮೊಬೈಲಿನ್ಯಾಗ ತರ್ಜುಮೆ ಮಾಡಿ ತೋರ್ಸಿದ:
‘ಚಾಲಕ ಮುದುಕನ ಮೇಲೆ ಕೂಗಿದನು.’
ಕೂಗಿರ್ಲಿಲ್ಲ ಸಾಹೇಬ್ರ. ಮಾತಾಡ್ಸಿದ್ದೆ.

ಕಂಡಕ್ಟರ್ ಇಲ್ಲದ ಬಸ್ಸು ಓಡಿಸೀರೇನು ನೀವು?
ಅಫಜಲಪುರ ರೂಟಿನ್ಯಾಗ ಹನ್ನೊಂದು ವರ್ಷ
ನನ್ನ ಬೆನ್ನಿಗಿ ಮಸ್ತಾನಸಾಬನ ಸೀಟಿ ಇತ್ತು.
ಒಂದು ಸೀಟಿ ನಿಂದ್ರು, ಎರಡು ಸೀಟಿ ಹೋಗು,
ಮೂರು ಅಂದ್ರ ಯಾವನೋ ಚೌಡಾಪುರದಾಗ
ಹೆಂಡತೀನ ಬಿಟ್ಟು ಹತ್ಯಾನ.
ಅಲ್ಲಿ ಅರವತ್ತು ಮಂದಿ, ಒಂದು ಕೆಮ್ಮಿಲ್ಲ,
ಎಲ್ಲರೂ ಯಾರದೋ ಮಣ್ಣಿಗಿ ಹೊಂಟಂಗ.
ಘಳಿಗ್ಗೊಮ್ಮೆ ಕನ್ನಡಿ ನೋಡ್ತಿದ್ದೆ,
ಮಸ್ತಾನಸಾಬ ಎಲ್ಲಿ ಕುಂತಾನಂತ.

ಜನವರಿಯಾಗ ಮೈನಸ್ ಹದಿನಾರು.
ನಮ್ಮ ಮೇ ತಿಂಗಳ ನಲವತ್ನಾಕಕ್ಕ ಇದನ್ನ ಕೂಡಿಸಿದ್ರ
ಮನುಷ್ಯಾಗ ಬೇಕಾದಷ್ಟೇ ಬರ್ತದ ನೋಡಂತ ಫೋನಿನ್ಯಾಗ ಹೇಳ್ದೆ.
ಲೆಕ್ಕ ಸರಿ ಅದ, ಆ ಊರು ಎಲ್ಲದ?
ಅಂದ್ಲು ನೀಲಗಂಗಾ.

ಇಳಿಯೋರು ಒಬ್ಬೊಬ್ಬರೇ ‘ಜ್ಯಾಕುಯೆಮ್’ ಅಂತಿದ್ರು.
ಮೊದಲ ಸಲ ಏನು ತಪ್ಪಾಯ್ತೋ ಅಂತ ಬ್ರೇಕ್ ಹಿಡಿದು ಕುಂತೆ.
ಉಪಕಾರ ಆಯ್ತಪ್ಪಾ ಅಂದಂಗ ಅಂತ.
ನಮ್ಮ ರೂಟಿನ್ಯಾಗ ಸೌತಿಕಾಯಿ ಕೊಟ್ಟಾರ,
ಮದುವಿ ಚೀಟಿ ಕೊಟ್ಟಾರ, ಬೈಗಳ ಕೊಟ್ಟಾರ,
ಆ ಒಂದು ಮಾತು ಕೊಟ್ಟಿದ್ದಿಲ್ಲ.
ಎದುರಿನ ಬಸ್ಸಿನ ಡ್ರೈವರು
ಸ್ಟೇರಿಂಗ್ ಮ್ಯಾಲಿಂದ ಎರಡು ಬೆರಳು ಎತ್ತತಿದ್ದ.
ಯಾರಿಗಂತ ಹಿಂದ ನೋಡ್ತಿದ್ದೆ.
ಯುಗಾದಿ ಹೊತ್ತಿಗಿ ನನ್ನ ಬೆರಳೂ ಏಳಲಕತ್ತವು.

ಒಂದು ರಾತ್ರಿ ಮಾತ್ರ, ಕಡೀ ಟ್ರಿಪ್ಪು,
ಬಸ್ಸು ಖಾಲಿ, ಸುತ್ತ ಹಿಮ, ದೀಪ ಒಂದೇ.
ಬಾಗಿಲು ಹಾಕ್ಕೊಂಡು ಉದ್ದಕ ಒತ್ತಿದೆ,
ಅಫಜಲಪುರ ಸ್ಟ್ಯಾಂಡಿಗಿ ಬಂದ್ಯಾಗ ಒತ್ತತಿದ್ದಂಗ.
ಯಾರೂ ಗಂಟು ಹೊತ್ಕೊಂಡು ಓಡಿ ಬರ್ಲಿಲ್ಲ.

ಈಗ ಇಲ್ಲಿ, ಆಳಂದ ನಾಕಾದಾಗ,
ಮುದುಕಿ ದಾಟಲಿಲ್ಲ.
ಕೈ ಮಾಡ್ದೆ, ನೀ ಹೋಗು.
ಆಕಿನೂ ಕೈ ಮಾಡಿದ್ಲು.
ಹಿಂದ ಹಾರ್ನು ನಮ್ಮವ್ವ ತನಕ ಹೋಗಿತ್ತು.
ಕಡೀಕ ಆಕಿನೇ ಹತ್ತಿರ ಬಂದ್ಲು.
‘ಗಾಡಿ ಕೆಟ್ಟದೇನಪ್ಪಾ?’
ಇಲ್ಲ ಯವ್ವ, ನೀ ದಾಟು.
‘ನಾ ಎಲ್ಲಿ ದಾಟಲಿ? ಟಂಟಂಗಂತೇ ನಿಂತೀನಿ.
ದೊಡ್ಡ ದವಾಖಾನಿಗಿ ಎಷ್ಟು ತಗೋತಿ?’

ಹೊಟ್ಟಿನ ಚೀಲದ ಮ್ಯಾಲೇ ಕುಂತ್ಲು.
ಎರಡು ಸರ್ಕಲ್ ಸುಮ್ಮನಿದ್ದು ಕೇಳಿದ್ಲು,
‘ಹಾರ್ನೇ ಹೊಡಿಯಂಗಿಲ್ಲಲ್ಲೋ,
ಯಾವೂರಾಂವ ನೀ?’
ಬಾಯಿಗಿ ಏನೂ ಬರ್ಲಿಲ್ಲ.
ಎದುರಿಂದ ಆಳಂದ ಬಸ್ಸು ಬಂತು.
ಹ್ಯಾಂಡಲ್ ಮ್ಯಾಲಿಂದ ಎರಡು ಬೆರಳು ಎತ್ತಿದೆ.
ನೊಣಾ ಹೊಡ್ಕೊಳ್ಳಕತ್ತಾನಂತ ತಿಳಕೊಂಡ್ನೋ ಏನೋ,
ಸಣ್ಣಗ ಪೀಂ ಅಂದು ಹ್ವಾದ.