ಬೀಸುವವನು

ನಮ್ಮ ದ್ವೀಪದ ಮಾತಿನಲ್ಲಿ ಕತ್ತೆಗೆ
ಬೀಸುವವನು ಎಂದೇ ಹೆಸರು.
ಅಡುಗೆಮನೆಯ ಮೂಲೆಗೆ ಕಲ್ಲು, ಕಲ್ಲಿನ ಸುತ್ತ ಅವನು,
ಒಲೆಯಿಂದ ಎರಡೇ ಮಾರು.
ಮೇಜಿಗಿಂತ ತುಸು ಎತ್ತರ, ಅಷ್ಟೆ.
ಸಾರ್ಡೀನಿಯಾದ ಕತ್ತೆಗಳೇ ಹಾಗೆ,
ಮನೆಯ ಬಾಗಿಲು ಅಳೆದು ಮಾಡಿದ ಹಾಗೆ.

ಅಜ್ಜಿ ಬೊನಕಾತ್ತಾ ಮೂರರ ಜಾವಕ್ಕೆ ಎದ್ದು
ಅಜ್ಜನ ಹಳೇ ಕೋಟಿನ ತೋಳು ಹರಿದ ಬಟ್ಟೆಯಿಂದ
ಅವನ ಕಣ್ಣು ಕಟ್ಟುವಳು.
ತಲೆ ಸುತ್ತದಿರಲಿ ಎಂದು, ಅವಳ ಪ್ರಕಾರ.
ಹಿಟ್ಟು ನೆಕ್ಕದಿರಲಿ ಎಂದು, ಅಜ್ಜನ ಪ್ರಕಾರ.
ಅವನನ್ನು ಯಾರೂ ಕೇಳಿದ್ದಿಲ್ಲ.

ಆಮೇಲೆ ಗರ್ರ್, ಗರ್ರ್.
ತೊಳೆದು, ಹರಳು ಆರಿಸಿ,
ಹಲ್ಲಿಗಿಟ್ಟು ಕಡಿದು ಹದ ನೋಡಿದ ಗೋಧಿ
ಮೇಲಿನ ಬಾಯಲ್ಲಿ ಹಿಡಿ ಹಿಡಿ ಇಳಿದು
ಅಂಚಿನಲ್ಲಿ ಹಳದಿಯಾಗಿ ಉದುರುವುದು.
ಜರಡಿ ನನ್ನದು.
ರವೆ ಹಬ್ಬದ ಬ್ರೆಡ್ಡಿಗೆ, ಹಿಟ್ಟು ವಾರದ ಬ್ರೆಡ್ಡಿಗೆ,
ತೌಡು, ಬೀಸಿದವನ ಕೂಲಿಗೆ.

‘ಎಲ್ಲಿಗೆ ಹೋಗ್ತಿದೀನಿ ಅಂದ್ಕೊಂಡಿದಾನೆ ಅಜ್ಜಿ, ಅವನು?’
‘ಓರಿಸ್ತಾನೋಗೆ. ಉಪ್ಪು ತರೋಕೆ.’
ಆರು ವರ್ಷ ನನಗೆ. ನಂಬಿದೆ.
ದಿನವೂ ಜರಡಿ ಆಡಿಸುತ್ತ ಕೇಳುವೆ: ಸೇತುವೆ ಬಂತಾ?
ನಾದುವ ಹಿಟ್ಟಿನಿಂದ ಮುಖ ಎತ್ತದೆ ಅವಳು:
‘ಆಗಲೇ ದಾಟಿದ. ನೀರಲ್ಲಿ ಕೆಂಪು ಹಕ್ಕಿಗಳು ನಿಂತಿವೆ,
ಒಂಟಿಕಾಲಲ್ಲಿ.’

ಐವತ್ತೆರಡರಲ್ಲಿ ಕರೆಂಟಿನ ಗಿರಣಿ ಬಂತು.
ಕಾಲು ಗಂಟೆಗೆ ಅರ್ಧ ಚೀಲ.
ಅಜ್ಜ ಹೊತ್ತು ತಂದ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ
ತಟ್ಟನೆ ಹೊರಗೆಳೆದಳು.
‘ಜ್ವರ ಬಂದಿದೆ ಇದಕ್ಕೆ.’
ಚಾದರ ಹಾಸಿ ಹರವಿ, ರಾತ್ರಿಯಿಡೀ ಕಿಟಕಿ ತೆರೆದಿಟ್ಟು
ಬೆಳಿಗ್ಗೆ ನಾದಿದಳು.
ಬ್ರೆಡ್ಡು ಉಬ್ಬಿತು, ಬೆಳ್ಳಗೆ ಬಂತು.
ಯಾರೂ ದೂರಲಿಲ್ಲ, ಅವಳೂ.

ಕಣ್ಣಿನ ಬಟ್ಟೆ ಮೊಳೆಗೆ ನೇತುಬಿತ್ತು.
ಅಂಗಳಕ್ಕೆ ಬಿಟ್ಟರೆ ಅವನು
ತಪ್ಪಾದ ಊರಲ್ಲಿ ಬಸ್ಸಿಳಿದವನಂತೆ
ಎಲ್ಲ ದಿಕ್ಕಿಗೂ ನೋಡುತ್ತ ನಿಂತಿರುತ್ತಿದ್ದ.
ಎರಡು ಚಳಿಗಾಲ. ಆಮೇಲೆ ಇಲ್ಲ.

ನನ್ನ ಮದುವೆಗೆ ಇನ್ನೊಂದೇ ವಾರ.
ಸಣ್ಣ ಕತ್ತರಿಯಲ್ಲಿ ಹಕ್ಕಿ, ಎಲೆ, ಕೋಟೆಗೋಡೆ ಕತ್ತರಿಸುವ
ಮದುವೆಯ ಬ್ರೆಡ್ಡಿಗೆ ಗಿರಣಿ ಹಿಟ್ಟು ಆಗದಂತೆ,
ಕೊಕ್ಕು ನಿಲ್ಲದಂತೆ.
ಮೂರರ ಜಾವ. ಗರ್ರ್.
ಎದ್ದು ನೋಡಿದರೆ
ಮರದ ದಂಡಕ್ಕೆ ಎದೆಯಾನಿಸಿ ಅಜ್ಜಿ, ಬರಿಗಾಲು,
ಅವನು ಸವೆಸಿಟ್ಟ ಗುಂಡನೆಯ ಹಾದಿಯಲ್ಲಿ.
ಕಣ್ಣಿಗೆ ಆ ಬಟ್ಟೆ.

ನಗು ಬರಲಿಲ್ಲ. ಜರಡಿ ತಗೊಂಡು ಕೂತೆ.
ಬಹಳ ಹೊತ್ತಿನ ಮೇಲೆ ಕೇಳಿದೆ, ಸೇತುವೆ ಬಂತಾ?

ಉಸಿರು ಕೂಡಿಸಿಕೊಳ್ಳಲು ಎರಡು ಸುತ್ತು ಬೇಕಾಯಿತು ಅವಳಿಗೆ.
‘ಸೇತುವೆ ಎಲ್ಲಿದೆ ಕಣೇ, ಹಕ್ಕಿ ಎಲ್ಲಿದೆ,
ಬರೀ ಏರು.
ಒಂದು ದಿನ ಬಾಯಿ ಬಿಡಲಿಲ್ಲ ನೋಡು, ಅವನು.’

ಜರಡಿಯಲ್ಲಿ ಉಳಿದ ತೌಡನ್ನು
ರೂಢಿಯಂತೆ ಬೇರೆ ಎತ್ತಿಟ್ಟೆ.