ಹನ್ನೊಂದನೇ ಟೇಬಲ್ಲು

ಮದಿವಿ ಹಾಲಿನಾಗ ಮೂರನೇ ಸುತ್ತು.
ನಿನ್ನಿ ಯಾರೋ ಅರಿಷಿಣದ ಕೈ ಒರಸಿದ ಕಂಬ,
ಅದರ ಬಾಜೂಕ ನಮ್ಮ ಟೇಬಲ್ಲು.
ಬಿಳಿ: ಅರ್ಶಿಯಾ ಸವಣೂರ, ಆರನೇತ್ತ, ಹುಬ್ಬಳ್ಳಿ.
ಕರಿ: ತುಳಜನಸಾ ಕಬಾಡಿ, ಬೆಟಗೇರಿ. ಅಂದರ ನಾನು.
ಆಕಿ ಕಾಲು ನೆಲಾ ಮುಟ್ಟೂದಿಲ್ಲ,
ನನ್ನ ಮೊಣಕಾಲು ಮಡಚೂದಿಲ್ಲ.

ರಾಜನ ಮುಂದಿನ ಪ್ಯಾದೆ ಎರಡು ಮನಿ ಹಾರಿಸಿ
ಗಡಿಯಾರ ಟಪ್ ಅಂತ ಬಡದ್ಲು.
ನಾನು ಒಂದಽ ಮನಿ.
ಮತ್ತ ಎರಡು. ನಾನು ಒಂದು.
ಕೆಂಪು ಅರಿವಿ ಮ್ಯಾಲೆ ಬಿಳಿ ದಾರದಾಗ ಮನಿ ಹೊಲದು
ಅಪ್ಪ ಕಲಿಸಿದ ಆಟದಾಗ
ಪ್ಯಾದೆಗೆ ಎರಡು ಹೆಜ್ಜಿ ಇರಲಿಲ್ಲ.
‘ಮೊದಲನೇ ದಿನಾನಽ ಓಡೋ ಆಳು
ಪಗಾರದ ಜೋಡಿ ಓಡತಾನ’ ಅಂತಿದ್ದ.
ಈಗಿನ ಕಾಯ್ದೆ ನನಗ ಗೊತ್ತೈತಿ.
ಬೆರಳಿಗೆ ಗೊತ್ತಿಲ್ಲ.

ಹತ್ತು ನಡಿ ಆಗೂದರಾಗ
ಆರು ಪ್ಯಾದೆ ಮೂರನೇ ಸಾಲಿನ್ಯಾಗ
ರೇಶನ್ ಪಾಳೇಕ ನಿಂತಂಗ ನಿಂತಿದ್ದುವು,
ಒಂಟಿ ಎರಡೂ ಸಂದ್ಯಾಗ ಇಣುಕಾಕತ್ತಿದ್ದುವು,
ಕುದುರಿ ಹೊಸ್ತಿಲಾ ದಾಟಿರಲಿಲ್ಲ.
ಆಕಿ ಗಲ್ಲಕ್ಕ ಕೈ ಹಚ್ಚಿ ಕುಂತ್ಲು. ಭಾಳೊತ್ತು.

ನಲವತ್ತು ವರ್ಷ ಪ್ರೆಸ್ಸಿನ್ಯಾಗ ಮೊಳಿ ಜೋಡಿಸಿದಾಂವ,
ತಲಿಕೆಳಗಿಂದು ನನಗ ಸೀದಾ ಕಾಣತೈತಿ.
ಆಕಿ ಹಾಳಿ ಓದಿದೆ.
ನಡಿ ಬರಕೊಂಡ ಮೂಲ್ಯಾಗ
ಒಂದು ದಪ್ಪ ದನಾ: ಸಣ್ಣ ಕಿವಿ, ಇಷ್ಟಗಲ ಬಾಯಿ.
ಎಮ್ಮಿ, ಅಂದಕೊಂಡೆ. ನನ್ನನ್ನಽ ತಗದಾಳ.
ಸಿಟ್ಟಿಗೆ ಕೈ ಮುಂದ ಹೋತು,
ಮನ್ಯಾಗ ಉಳದಿದ್ದ ಪ್ಯಾದೆ
ಎರಡು ಮನಿ ಹಾರಿತು.
ಆ ಸಂದ್ಯಾಗ ಆಕಿ ಕುದುರಿ ಬಂದು ಕುಂತದ್ದು ಏಳಲಿಲ್ಲ.
ಮೂವತ್ತೊಂದಕ್ಕ ರಾಜನ್ನ ಮಲಗಿಸಿದೆ.

ಕೈ ಕೊಟ್ಟು ಕೇಳಿದೆ: ‘ಎಮ್ಮಿ ಯಾಕ ತಗದಿ, ಬೇಟಿ?’
‘ಎಮ್ಮಿ ಅಲ್ಲರಿ ಅಜ್ಜಾರ, ಹಿಪ್ಪೊ! ನೀರಾನಿ.
ನೀವು ಆಡಿದ ಓಪನಿಂಗಿನ ಹೆಸರರಿ ಅದು.
ಕುಂತಲ್ಲೇ ಕುಂತರ ಒಡಿಯಾಕ ಭಾಳ ತ್ರಾಸ ಅಂತ
ನಮ್ಮ ಸರ್ ಹೇಳ್ಯಾರ.
ನನಗ ಅಂಜಿಕಿ ಬಂದಿತ್ತು, ಅದಕ ತಗದೆ.
ನೀವಽ ಯಾಕ ಎಬ್ಬಿಸಿದ್ರಿ?’

ಆನಿ ಗೊತ್ತು, ಕುದುರಿ ಗೊತ್ತು, ಒಂಟಿ ಗೊತ್ತು.
ಐವತ್ತೆಂಟು ವರ್ಷ ಹೆಸರಿಲ್ಲದ ನೀರಾನಿ ಸಾಕೇನಿ,
ಅದೂ ಹದಿನೈದು ದಿನಕ್ಕೊಮ್ಮೆ ನೀರು ಬರೂ ಊರಾಗ.

ರಾತ್ರಿ ಎರಡಕ್ಕ ನಲ್ಲಿ ಸುಂಯ್ ಅಂತು.
ಓಣಿ ತುಂಬ ಕೊಡದ ಸಪ್ಪಳ.
ಟಾಕಿ ತುಂಬೂತನಕ
ಕಟ್ಟಿ ಮ್ಯಾಲೆ ಅಪ್ಪನ ಅರಿವಿ ಹಾಸಿ
ಆ ಪ್ಯಾದೆ ಹಿಂದ ಕರಕೊಂಡು ಬಂದೆ,
ಒಂದು ಮನಿ.
ಮತ್ತೊಂದು.